ನಮ್ಮ ಬೀದಿಗೆ ಹಳದಿ ಬಳಿದ ವರ್ಷ

ಮೊದಲಿಗೆ ಅನ್ನಪೂರ್ಣೆಗೆ ನಮಸ್ಕಾರ. ಊರಿನ ತಾಯಿ ಕೋಲಾರಮ್ಮನಿಗೆ ನಮಸ್ಕಾರ. ನನಗೆ ಅಕ್ಷರವನ್ನೂ ಅದರ ಬೆನ್ನಿಗೆ ಶಾಸ್ತ್ರವನ್ನೂ ಕಲಿಸಿದ ಗುರುಗಳ ಪಾದಗಳಿಗೆ ನಮಸ್ಕಾರ. ಈ ವಯಸ್ಸಿನವರೆಗೆ ಉಂಡ ಅನ್ನಕ್ಕೂ, ಆ ಅನ್ನವನ್ನು ಹೊತ್ತ ಎಲೆಗೂ, ಆ ಎಲೆಯನ್ನು ಹಚ್ಚಿದ ಕೈಗೂ ನಾನು ಋಣಿ. ಅನ್ನಕ್ಕೆ ಕೈಮುಗಿಯುವುದನ್ನು ಬಾಲ್ಯದಲ್ಲಿಯೇ ಕಲಿತೆ. ಎಲೆ ಹಚ್ಚಿದ ಕೈಗೂ ಮುಗಿಯಬೇಕೆಂದು ತಿಳಿಯುವ ಹೊತ್ತಿಗೆ ಆ ಕೈ ನನ್ನ ಎದುರಿಗೆ ಇರಲಿಲ್ಲ. ಆದ್ದರಿಂದ ಇಲ್ಲಿ ಮುಗಿದು ಮುಂದಕ್ಕೆ ಹೋಗುತ್ತೇನೆ.

ಹೋದ ಆಷಾಢದಲ್ಲಿ ತಾಯಿಯ ದರ್ಶನಕ್ಕೆಂದು ಕೋಲಾರಕ್ಕೆ ಹೋಗಿದ್ದೆ. ದರ್ಶನ ಮುಗಿದ ಮೇಲೆ, ಬಹುಕಾಲ ಬಾಳಿದ ಬೀದಿಯನ್ನು ನೋಡಿಕೊಂಡು ಬರೋಣವೆಂದು ಹಳೆಯ ಪೇಟೆಯ ಕಡೆಗೆ ನಡೆದೆ. ಗಾಳಿ ಜೋರಾಗಿತ್ತು. ಕೋಲಾರದ ಆಷಾಢದ ಗಾಳಿಯಲ್ಲಿ ಮಳೆ ಕಡಿಮೆ, ಧೂಳು ಹೆಚ್ಚು. ಅದು ತುಟಿಯನ್ನೂ ಒಡೆಯುತ್ತದೆ, ಒಣಗಿದ ಎಲೆಯನ್ನೂ ಒಡೆಯುತ್ತದೆ. ಬೀದಿಯ ತಿರುವಿಗೆ ಬರುತ್ತಿದ್ದಂತೆ ಆ ಗಾಳಿಯೊಳಗಿಂದ ಒಂದು ವಾಸನೆ ಬಂದು ನನ್ನನ್ನು ನಿಲ್ಲಿಸಿತು. ರೇಷ್ಮೆಗೂಡು ಬೇಯುವ ವಾಸನೆ. ಅದರ ಪರಿಚಯವಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಮೂಗು ಮೊದಲು ಬೇಡವೆನ್ನುತ್ತದೆ, ಆಮೇಲೆ ಅದನ್ನೇ ಹುಡುಕುತ್ತದೆ. ಹಲವು ವರ್ಷ ಆ ವಾಸನೆಯ ಜೊತೆಯಲ್ಲಿ ಸಂಧ್ಯಾವಂದನೆ ಮಾಡಿದವನು ನಾನು. ಅಂದು ಅದು ಮೂಗಿಗೆ ತಾಕಿದ ಕ್ಷಣವೇ ಎಲ್ಲಕ್ಕಿಂತ ಮೊದಲು ಮುಖಕ್ಕೆ ಬಿಸಿಯೇರಿತು. ಮುಪ್ಪಿನಲ್ಲಿ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ. ನಾಚಿಕೆ ಮಾತ್ರ ಹಾಗೆಯೇ ಉಳಿಯುತ್ತದೆಂದು ಕಾಣುತ್ತದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತರ ದಶಕ ಕಣ್ಣು ಬಿಡುತ್ತಿದ್ದ ಕಾಲವದು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಪಾಠ ಹೇಳುತ್ತಿದ್ದೆ. ಊರು ನಾಲ್ಕೂ ಕಡೆಗೆ ಹಬ್ಬುತ್ತಿತ್ತು. ಬಸ್ ನಿಲ್ದಾಣದ ಸುತ್ತ ಅಂಗಡಿಗಳು, ಕೆರೆಯ ಕಡೆಗೆ ಹೊಸ ನಿವೇಶನಗಳು, ಯಾರದೋ ಹಿತ್ತಲಲ್ಲಿ ವೆಲ್ಡಿಂಗಿನ ಕಿಡಿ. ಊರು ಬೆಳೆಯುವುದಕ್ಕೊಂದು ಕ್ರಮವಿರಲಿ ಎಂದು, ಎಲ್ಲಿ ವಾಸ, ಎಲ್ಲಿ ವ್ಯಾಪಾರ, ಎಲ್ಲಿ ಕಾರ್ಖಾನೆ ಎಂಬ ಹಳೆಯ ನಿಯಮಗಳನ್ನು ತಿದ್ದಿ ಹೊಸ ನಕ್ಷೆ ಮಾಡಲು ಸರ್ಕಾರದಿಂದ ಆದೇಶವಾಯಿತು. ಆ ಯುಗಾದಿಯ ಆಸುಪಾಸಿನಲ್ಲಿ ನಕ್ಷೆಯ ಕರಡನ್ನು ಸಾರ್ವಜನಿಕರ ಅವಗಾಹನೆಗೆಂದು ಪುರಭವನದ ಗೋಡೆಗೆ ತೂಗುಹಾಕಿದರು. ವಾಸಕ್ಕೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಹೊಲ ತೋಟಕ್ಕೆ ಹಸಿರು. ಜನ ತಂಡತಂಡವಾಗಿ ಹೋಗಿ ತಮ್ಮ ಮನೆ ಯಾವ ಬಣ್ಣದೊಳಗೆ ಬಿದ್ದಿದೆಯೆಂದು ಬೆರಳಿಟ್ಟು ನೋಡಿ ಬರುತ್ತಿದ್ದರು.

ನಮ್ಮ ಬೀದಿಗೆ ಅವರು ಹಳದಿಯನ್ನೂ ನೀಲಿಯನ್ನೂ ಗೆರೆಗೆರೆಯಾಗಿ ಬಳಿದಿದ್ದರು. ವಾಸವೂ ಇರಬಹುದು, ಕಸುಬೂ ಇರಬಹುದು ಎಂಬುದು ಅದರ ಅರ್ಥ. ನಮ್ಮ ಬೀದಿಯವರಿಗೆ ಅದು ಅವಮಾನವೆನಿಸಿತು.

ಬೀದಿಯೆಂದರೆ ದೇವಸ್ಥಾನದಿಂದ ಹೊರಟು ಕಲ್ಲುಬಾವಿಯ ತನಕ ಎರಡು ಸಾಲು ಮನೆ. ವೈದಿಕರು, ಮೇಷ್ಟರುಗಳು, ನಿವೃತ್ತ ಗುಮಾಸ್ತರು. ನಮ್ಮ ಸಾಲಿನ ಹಿತ್ತಲಿಗೆ ಬೆನ್ನು ಕೊಟ್ಟುಕೊಂಡು ಇನ್ನೊಂದು ಓಣಿ. ಅದರಲ್ಲಿ ದಖನಿ ಮಾತಾಡುವ ಮುಸಲ್ಮಾನರ ಮನೆಗಳು. ನಮ್ಮ ಅಜ್ಜಂದಿರ ಕಾಲಕ್ಕಿಂತ ಹಿಂದಿನಿಂದ ಅಲ್ಲಿಯೇ ಇದ್ದವರು. ಅಲ್ಲಿ ಪ್ಯಾರೇಜಾನ್ ಸಾಹೇಬರು ರೇಷ್ಮೆನೂಲು ಬಿಚ್ಚುವ ಕೊಟ್ಟಿಗೆ ಇಟ್ಟುಕೊಂಡಿದ್ದರು. ಸುಗಟೂರಿನಿಂದ ಬೆಳಗಿನ ಬಸ್ಸಿನ ಮೇಲೆ ಗೂಡಿನ ಮೂಟೆ ಬರುವುದು. ಒಲೆಯ ಮೇಲಿನ ಬಾನಿಯಲ್ಲಿ ಗೂಡು ಬೇಯುವುದು. ಮನೆಯ ಹೆಂಗಸರು ಎಳೆ ಹಿಡಿದು ಚರಕ ತಿರುಗಿಸುವರು. ಆ ಕೊಟ್ಟಿಗೆಯ ಹಬೆ, ಗಾಳಿ ಬೀಸಿದ ಕಡೆ, ಎಂದರೆ ಸಾಮಾನ್ಯವಾಗಿ ನಮ್ಮ ಕಡೆ ಬರುತ್ತಿತ್ತು.

ದೇವಸ್ಥಾನದ ಮಂಟಪದಲ್ಲಿ ಒಂದು ಸಂಜೆ ಹಿರಿಯರೆಲ್ಲ ಕೂಡಿದರು. ಮಾತು ಶುರುಮಾಡಿದವರು ರಾಘವೇಂದ್ರರಾಯರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬಾಗಿಲಿಗೆ ಬರುವ ಸಜ್ಜನರು.

"ಮಾಲೂರು ನೋಡ್ರಿ ಏನಾಗಿದೆ," ಎಂದರು. "ರೈಲಿಳಿದ್ರೆ ಇಟ್ಟಿಗೆ ಗೂಡಿನ ಹೊಗೆ. ನಾಳೆ ನಮ್ಮ ಬೀದಿನೂ ಹಾಗಾಗ್ಬೇಕೇನು? ನಾವೂ ಒಂದು ಅಹವಾಲು ಕೊಡೋಣ. ಪೂರ್ತಿ ಹಳದಿ ಮಾಡಿ ಅನ್ನೋಣ. ಹಿತ್ತಲ ಓಣೀನೂ ಸೇರಿಸಿ."

"ರೇಷ್ಮೆ ಕೊಟ್ಟಿಗೆ ತೆಗೀರಿ ಅಂತ ಬರೆದ್ಬಿಟ್ರೆ ಆಯ್ತಪ್ಪ," ಎಂದರು ಯಾರೋ.

ರಾಯರು ಕೈಯೆತ್ತಿ ತಡೆದರು. "ಛೆ ಛೆ. ಹಾಗೆಲ್ಲ ಹೆಸರು ಹಾಕಬಾರದು. ಪ್ಯಾರೇಜಾನು ಒಳ್ಳೆ ಮನುಷ್ಯ. ನಮ್ಮ ತಂದೆ ಹೋದಾಗ ಸೌದೆ ಗಾಡಿ ಕಳಿಸಿದ್ದು ಅವನೇ. ನಾಳೆ ಅವನ ಮುಖ ನೋಡ್ಬೇಕೋ ಬೇಡ್ವೋ? ಎಲ್ಲರಿಗೂ ಅನ್ವಯ ಆಗೋ ಹಾಗೆ ಗೌರವವಾಗಿ ಬರೀಬೇಕು. ಶಾಸ್ತ್ರಿಗಳೇ, ಅದು ನಿಮ್ಮ ಕೈಲೇ ಆಗ್ಬೇಕು."

ನಾನು ಬರೆದುಕೊಟ್ಟೆ. ಈ ವಲಯದ ಮನೆಗಳಲ್ಲಿಯೂ ಹಿತ್ತಲುಗಳಲ್ಲಿಯೂ ವಾಸವೊಂದರ ಹೊರತು ಬೇರಾವ ಕಸುಬೂ ನಡೆಯಬಾರದು ಎಂಬುದು ಅದರ ಸಾರ. ಯಾರ ಹೆಸರೂ ಇರಲಿಲ್ಲ, ಯಾವ ಜಾತಿಯೂ ಇರಲಿಲ್ಲ, ಹಬೆಯ ಮಾತಿರಲಿಲ್ಲ. ಓದಿ ಹೇಳಿದಾಗ ಎಲ್ಲರೂ ತಲೆದೂಗಿದರು. ನಮ್ಮ ಸೌಜನ್ಯದ ಬಗ್ಗೆ ನಮಗೇ ಮೆಚ್ಚುಗೆಯಾಗಿತ್ತು. ಪಕ್ಕದವನನ್ನು ಹೊರಗೆ ಕಳಿಸಬೇಕು, ಆದರೆ ಅವನ ಮುಖ ನೋಡುವುದಕ್ಕೆ ತೊಡಕಾಗಬಾರದು: ಬೀದಿಯ ಸಭ್ಯತೆಯೆಲ್ಲ ಆ ಒಂದು ಜಾಗದಲ್ಲಿ ಬಂದು ನಿಂತಿತ್ತು.

ವೈಶಾಖದಲ್ಲಿ ನಗರ ಯೋಜನೆಯ ಅಧಿಕಾರಿ ಸ್ಥಳ ನೋಡಲು ಬಂದರು. ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ರಾಯರು ಅವರನ್ನು ಹಿತ್ತಲ ಓಣಿಗೆ ಕರೆದೊಯ್ಯುವ ಆತುರದಲ್ಲಿದ್ದರು. ಆದರೆ ಓಣಿಗೆ ಹೋಗಬೇಕಾದರೆ ನಮ್ಮ ಬೀದಿಯನ್ನೇ ದಾಟಬೇಕು. ಬೀದಿಯ ನಡುವೆ, ಸುಬ್ಬಮ್ಮನವರ ಮನೆಯ ಮುಂದೆ, ಚಾಪೆಗಳ ಮೇಲೆ ಮುತ್ತುಗದ ಎಲೆ ಒಣಗುತ್ತಿತ್ತು.

ಸುಬ್ಬಮ್ಮನವರು ಶ್ರೀನಿವಾಸಪುರದ ಕಡೆಯವರು; ಮನೆಮಾತು ತೆಲುಗು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯ ಹಿಂದಿನ ಭಾಗದಲ್ಲಿ ನೆಲೆಯಾದವರು. ಅಣ್ಣ ಕಾಲವಾದ ಮೇಲೆ ಎಲೆ ಹಚ್ಚುವುದೇ ಅವರ ಜೀವನ. ಬೇಸಿಗೆಯಲ್ಲಿ ಮುಳಬಾಗಿಲಿನ ಗುಡ್ಡಗಳ ಕಡೆಯಿಂದ ಮುತ್ತುಗದ ಎಲೆ ತರಿಸಿ, ಒಣಗಿಸಿ, ಕಲ್ಲು ಹೇರಿ, ಕಟ್ಟು ಕಟ್ಟಿ ಇಡುವರು. ಬಿದಿರಿನ ಸಣ್ಣ ಕಡ್ಡಿಯಿಂದ ಎಲೆಗೆ ಎಲೆ ಪೋಣಿಸಿ ದುಂಡಗೆ ಊಟದೆಲೆ ಮಾಡುವರು. ನಮ್ಮ ಬೀದಿಯ ಮದುವೆ, ಮುಂಜಿ, ಅದಕ್ಕಿಂತ ಹೆಚ್ಚಾಗಿ ಶ್ರಾದ್ಧ, ಒಂದೂ ಅವರ ಎಲೆಯಿಲ್ಲದೆ ನಡೆದದ್ದಿಲ್ಲ. ಪಿತೃಗಳಿಗೆ ಬಡಿಸುವ ಎಲೆಯಾದ್ದರಿಂದ ಅವರು ಸ್ನಾನ ಮಾಡಿಯೇ ಕೂರುತ್ತಿದ್ದರು, ಹಚ್ಚುವಾಗ ಮಾತಾಡುತ್ತಿರಲಿಲ್ಲ. ಸಾರು ಹುಯ್ದರೆ ಒಂದು ಹನಿ ಕೆಳಗಿಳಿಯದಂಥ ಎಲೆ.

ಅಧಿಕಾರಿ ಚಾಪೆಯ ಮುಂದೆ ನಿಂತರು. "ಇದೇನು ಸ್ವಾಮಿ?"

"ಎಲೆ ಸಾರ್," ಎಂದರು ರಾಯರು.

"ಅದು ಕಾಣುತ್ತೆ. ಮನೆ ಬಳಕೆಗೋ, ಮಾರ್ತಾರೋ?"

"ಮಾರ್ತಾರೆ. ಅಂದ್ರೆ, ನಮಗೇ ಕೊಡ್ತಾರೆ."

"ಹಾಗಾದರೆ ಕಸುಬಾಯ್ತಲ್ಲ. ನೀವು ಕೊಟ್ಟಿರೋ ಅಹವಾಲಿನ ಪ್ರಕಾರ ಇದಕ್ಕೂ ಅವಕಾಶ ಇಲ್ಲ."

ಸುತ್ತಲಿದ್ದವರು ನಕ್ಕರು. "ಕಸುಬಲ್ಲ ಸಾರ್, ಅದು ಎಲೆ!" ಎಂದರು ಹಿಂದಿನಿಂದ ಒಬ್ಬರು. ಅಧಿಕಾರಿ ನಗಲಿಲ್ಲ. ನನ್ನ ಬರಹವನ್ನು ತೆಗೆದು ಇನ್ನೊಮ್ಮೆ ಓದಿದರು. "ಬಹಳ ಸ್ಪಷ್ಟವಾಗಿದೆ. ಯಾವುದಕ್ಕೂ ಬಾಗಿಲಿಲ್ಲ. ಯಾರು ಬರೆದದ್ದು?" ಎಂದು ಕೇಳಿದರು. ರಾಯರು ನನ್ನನ್ನು ತೋರಿಸಿದರು. ಬಾಗಿಲ ಸಂದಿನಲ್ಲಿ ನಿಂತು ಸುಬ್ಬಮ್ಮನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಆ ಸಂಜೆಯ ಮಂಟಪದ ಸಭೆಯಲ್ಲಿ ಪರಿಹಾರ ಬಹಳ ಬೇಗ ಸಿಕ್ಕಿತು. ದೇವಕಾರ್ಯ ಪಿತೃಕಾರ್ಯಗಳಿಗೆ ಬೇಕಾದ ಕೆಲಸಗಳಿಗೆ ವಿನಾಯಿತಿ ಕೇಳಿ ಒಂದು ಸಾಲು ಸೇರಿಸುವುದು. "ಸುಬ್ಬಮ್ಮ ನಮ್ಮವಳು," ಎಂದರು ರಾಯರು. ಯಾರನ್ನೂ ಹೆಸರಿಸಬಾರದೆಂದು ಸಾರಿದ್ದ ಸೌಜನ್ಯ ಅಷ್ಟು ಸುಲಭವಾಗಿ ಸಡಿಲವಾದದ್ದು ನನ್ನ ಗಮನಕ್ಕೆ ಬಂತು. ಬಂದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಶುಭವಾರ್ತೆಯನ್ನು ತಿಳಿಸುವ ಕೆಲಸ ನನಗೇ ಬಿತ್ತು.

ಸುಬ್ಬಮ್ಮನವರು ಹಿಂದಿನ ಕೋಣೆಯಲ್ಲಿದ್ದರು. ನಾನು ಎಷ್ಟೋ ವರ್ಷದಿಂದ ಆ ಮನೆಯನ್ನು ಬಲ್ಲೆನಾದರೂ ಆ ಕೋಣೆಯೊಳಗೆ ಕಾಲಿಟ್ಟದ್ದು ಅಂದೇ ಮೊದಲು. ಗೋಡೆಯ ಮೇಲ್ಭಾಗದಲ್ಲಿ ಒಂದು ಗವಾಕ್ಷಿ. ಅದರಾಚೆ ಪ್ಯಾರೇಜಾನರ ಕೊಟ್ಟಿಗೆ. ಗವಾಕ್ಷಿಯಿಂದ ಬೆಳ್ಳನೆಯ ಹಬೆ ಮೆಲ್ಲಗೆ ಇಳಿದು ಬರುತ್ತಿತ್ತು. ಅದರ ಕೆಳಗೆ ಹಗ್ಗ ಕಟ್ಟಿ ಎಲೆಯ ಕಟ್ಟುಗಳನ್ನು ತೂಗುಬಿಟ್ಟಿದ್ದರು.

"ರಾ ನಾಯನಾ, ಕೂತ್ಕೋ," ಎಂದರು. ಅವರಿಗೆ ಬೀದಿಯ ಗಂಡಸರೆಲ್ಲ ನಾಯನಾ.

ನಾನು ವಿನಾಯಿತಿಯ ಸಂಗತಿ ಹೇಳಿದೆ. ಅವರು ಒಂದು ಕಟ್ಟನ್ನು ಬಿಚ್ಚಿ, ಎಲೆಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಇನ್ನೂ ಹದವಾಗಿಲ್ಲವೆಂಬಂತೆ ಮತ್ತೆ ಕಟ್ಟಿದರು.

"ನನಗೆ ಇರು ಅಂತೀರಿ. ಪ್ಯಾರೇಜಾನ್‌ಗೆ ಹೋಗು ಅಂತೀರಿ. ಅವನು ಹೋದ್ರೆ ನಾನಿದ್ದು ಏನ್ಮಾಡ್ಲಿ?"

ನನಗೆ ಅರ್ಥವಾಗಲಿಲ್ಲ.

"ನೋಡು," ಎಂದು ಮೂಲೆಯಲ್ಲಿದ್ದ ಇನ್ನೊಂದು ಕಟ್ಟಿನಿಂದ ಎಲೆ ತೆಗೆದು ಬಗ್ಗಿಸಿದರು. ಅದು ಹಪ್ಪಳದ ಹಾಗೆ ಮುರಿಯಿತು. "ಇದು ಹಬೆ ಕಾಣದ್ದು. ಈ ಊರಿನ ಗಾಳಿಗೆ ಕಡ್ಡಿ ಚುಚ್ಚೋಕೆ ಮುಂಚೆ ಬಿರಿಯುತ್ತೆ. ನೀರು ಚಿಮುಕಿಸಿದ್ರೆ ಬೂಷ್ಟು ಬರುತ್ತೆ. ನಮ್ಮಣ್ಣ ಇದ್ದಾಗ್ಲೇ ಪ್ಯಾರೇಜಾನ್ ಅವರಪ್ಪನ್ನ ಕೇಳಿ ಈ ಗವಾಕ್ಷಿ ಇಡಿಸಿದ್ದು. ಒಂದು ರಾತ್ರಿ ಇಲ್ಲಿ ತೂಗಿದ್ರೆ ಸಾಕು, ಬೆಳಿಗ್ಗೆ ಬಟ್ಟೆ ಇದ್ದಂಗಿರುತ್ತೆ."

ನಾನು ಗವಾಕ್ಷಿಯನ್ನು ನೋಡಿದೆ. ನನ್ನ ತಂದೆಯ ಶ್ರಾದ್ಧಕ್ಕೆ ಪ್ರತಿವರ್ಷ ಬಂದ ಎಲೆಗಳು, ಬೀದಿಯ ಎಲ್ಲ ಪಿತೃಗಳಿಗೂ ಬಡಿಸಿದ ಎಲೆಗಳು, ನಾವು ಊರಾಚೆ ಕಳಿಸಬೇಕೆಂದಿದ್ದ ಹಬೆಯಲ್ಲಿಯೇ ಹದವಾಗಿ ಬಂದಿದ್ದವು.

"ಸುಬ್ಬಮ್ಮನವರೇ," ಎಂದೆ, "ಈ ಮಾತನ್ನು ಬೇರೆ ಯಾರಿಗೂ ಹೇಳಬೇಡಿ."

"ಯಾಕೆ?"

ಏಕೆಂದು ನಾನು ಬಿಡಿಸಿ ಹೇಳಲಿಲ್ಲ. ಅವರೂ ಅಗ್ರಹಾರದ ಮಗಳೇ, ತಿಳಿಯಿತು. "ನಾನಾಗಿ ಹೇಳಲ್ಲ ನಾಯನಾ," ಎಂದರು. "ಆದ್ರೆ ನನ್ನ ಎದುರಿಗೆ ಸುಳ್ಳು ಬಂದ್ರೆ ಸುಮ್ನಿರೋಕಾಗುತ್ತೋ ಇಲ್ವೋ, ಅದು ಗೊತ್ತಿಲ್ಲ."

ಜ್ಯೇಷ್ಠ ಮುಗಿಯುವ ಹೊತ್ತಿಗೆ ಪುರಭವನದಲ್ಲಿ ಆಕ್ಷೇಪಣೆಗಳ ವಿಚಾರಣೆ ನಡೆಯಿತು. ನಕ್ಷೆಯ ಕೆಳಗೆ ಮೇಜು, ಮೇಜಿನ ಹಿಂದೆ ಅದೇ ಅಧಿಕಾರಿ. ಬೆಂಚುಗಳ ಮೇಲೆ ಒಂದು ಕಡೆ ನಾವು, ಇನ್ನೊಂದು ಕಡೆ ಓಣಿಯವರು. ಹೆಂಗಸರು ಗೋಡೆಯ ಪಕ್ಕ. ಸುಬ್ಬಮ್ಮನವರು ಸೆರಗು ಹೊದ್ದು ಕಡೆಯಲ್ಲಿ ಕುಳಿತಿದ್ದರು. ವಿನಾಯಿತಿ ಸಿಗುವವರು ಎದುರಿಗಿದ್ದರೆ ಒಳ್ಳೆಯದೆಂದು ರಾಯರೇ ಅವರನ್ನು ಬರಹೇಳಿದ್ದರು.

ಪ್ಯಾರೇಜಾನ್ ಸಾಹೇಬರನ್ನು ಕರೆದಾಗ ಅವರು ಟೋಪಿ ಸರಿಮಾಡಿಕೊಂಡು ನಿಂತರು. ನೂಲಿನ ಕೆಲಸದಿಂದ ಬೆರಳ ತುದಿಗಳೆಲ್ಲ ಬೆಳ್ಳಗೆ ನೆನೆದಂತಿದ್ದವು.

"ಸ್ವಾಮಿ, ನಮ್ದು ಜಗಳ ಇಲ್ಲ," ಎಂದರು. "ಕೆರೆ ಆಚೆ ಜಾಗ ಕೊಡ್ತೀವಿ ಅಂತಾರೆ. ಕೊಡ್ಲಿ. ಆದ್ರೆ ನಮ್ಮ ಮನೆ ಹೆಂಗಸ್ರು ಒಲೆ ಮೇಲೆ ಅನ್ನ ಇಟ್ಟು ಬಂದು ಚರಕ ತಿರುಗಿಸ್ತಾರೆ. ಕೆರೆ ಆಚೆ ಹೆಂಗೆ ಹೋಗ್ತಾರೆ? ಗೂಡು ಅಂಬೋದು ಕಾಯೋದಲ್ಲ ಸ್ವಾಮಿ. ಎರಡು ದಿನ ತಡ ಆದ್ರೆ ಚಿಟ್ಟೆ ಕೊರ್ಕೊಂಡು ಹೊರಗೆ ಬರ್ತದೆ. ಆಮೇಲೆ ಅದ್ರಲ್ಲಿ ನೂಲೆಲ್ಲಿ? ಮೇಷ್ಟ್ರಿಗೆ ಎಲ್ಲಾ ಗೊತ್ತು, ಕೇಳ್ರಿ."

ಅವರು ನನ್ನ ಕಡೆ ನೋಡಿ ನಕ್ಕರು. ಹಿತ್ತಲಿನ ಗೋಡೆಯ ಮೇಲಿಂದ ದಿನವೂ ನಗುತ್ತಿದ್ದ ಅದೇ ನಗು. ಅಹವಾಲನ್ನು ಬರೆದವನು ನಾನೆಂದು ಊರಿಗೆಲ್ಲ ತಿಳಿದಿತ್ತು, ಅವರಿಗೂ ತಿಳಿದಿತ್ತು. ನಾನು ಎದ್ದು, ಹೌದು, ಅವರು ಹೇಳುವುದು ನಿಜ, ಅಹವಾಲನ್ನು ತಿದ್ದಬೇಕು ಎಂದು ಹೇಳಬಹುದಿತ್ತು. ಉತ್ತರೀಯವನ್ನು ಸರಿಮಾಡಿಕೊಂಡೆ.

ಅಷ್ಟರಲ್ಲಿ ರಾಯರು ಎದ್ದರು. "ಸಾರ್, ನಮಗೆ ಇವರ ಮೇಲೆ ದ್ವೇಷವಿಲ್ಲ. ಆದರೆ ಆ ಹಬೆಯಿಂದ ನಮ್ಮ ಬೀದಿಯ ಒಬ್ಬರಿಗಾದರೂ ಉಪಯೋಗವಿದೆಯೇ? ಒಬ್ಬರಿಗೆ? ಕೇಳಿ ನೋಡಿ. ಬರೀ ಉಪದ್ರವ."

ಅಧಿಕಾರಿ ವಾಡಿಕೆಯಂತೆ ಸಭೆಯ ಕಡೆ ನೋಡಿದರು. ಯಾರಾದರೂ ಮಾತಾಡುವರೆಂದು ಅವರೂ ಎಣಿಸಿರಲಿಲ್ಲ.

"ನನಗಿದೆ," ಎಂಬ ದನಿ ಗೋಡೆಯ ಪಕ್ಕದಿಂದ ಬಂತು.

ಸುಬ್ಬಮ್ಮನವರು ಎದ್ದು ನಿಂತಿದ್ದರು. "ಆ ಹಬೆ ನನ್ನ ಕೋಣೆ ಗವಾಕ್ಷೀಲಿ ಬರೋದಕ್ಕೆ ನನ್ನ ಎಲೆ ಬಗ್ಗುತ್ತೆ. ಎಲೆ ಬಗ್ಗೋದಕ್ಕೆ ನಾನು ಎರಡು ಹೊತ್ತು ಉಣ್ತೀನಿ. ರಾಯರು ಮರೆತಿರಬೇಕು, ಹೋದ ತಿಂಗಳು ಅವರ ಮನೆ ತಿಥಿಗೂ ಆ ಎಲೆನೇ ಹಾಕಿದ್ದು. ಪ್ಯಾರೇಜಾನ್ ಇಲ್ಲದಿದ್ರೆ ನಂಗೆ ವಿನಾಯಿತಿ ಬೇಡ ಸ್ವಾಮಿ. ಇಬ್ರಿಗೂ ಕೊಡಿ, ಇಲ್ದಿದ್ರೆ ಇಬ್ರನ್ನೂ ಕಳ್ಸಿ."

"ಅಮ್ಮಾ, ನೀವು ಯಾಕಮ್ಮಾ..." ಎಂದು ಪ್ಯಾರೇಜಾನ್ ಸಾಹೇಬರು ಏನೋ ಹೇಳಹೊರಟು ನಿಲ್ಲಿಸಿದರು. ಆ ಮಾತಿನ ಬೆಲೆ ಏನೆಂದು ನಮ್ಮ ಬೆಂಚಿನವರಂತೆಯೇ ಅವರಿಗೂ ಗೊತ್ತಿತ್ತು. ನಮ್ಮೊಡನೆ ಅಷ್ಟು ಕಾಲ ಬಾಳಿದವರಿಗೆ ನಮ್ಮ ಮಡಿ ಗೊತ್ತಿಲ್ಲದೆ ಇರುವುದುಂಟೇ?

ಅಧಿಕಾರಿ ಒಳ್ಳೆಯವರು. ಅವರಿಗೆ ಬೇಕಾದ ದಾರಿ ಸಿಕ್ಕಿತ್ತು. ಸ್ವಂತ ಮನೆಯಲ್ಲಿ, ಮನೆಯವರೇ ಸೇರಿ ಮಾಡುವ ಸಣ್ಣ ಕಸುಬಿಗೆ ಹಳದಿ ವಲಯದಲ್ಲಿಯೂ ಅವಕಾಶವಿರಬೇಕು. ಒಲೆ ಉರಿಸುವವರು ಹೊಗೆ ಕೊಳವೆಯನ್ನು ಎತ್ತರಕ್ಕೆ ಏರಿಸಬೇಕು. ಪಕ್ಕದವರ ಗೋಡೆಗೆ ತೆರೆದ ಗವಾಕ್ಷಿ ಪಕ್ಕದವರ ಒಪ್ಪಿಗೆಯಿದ್ದರೆ ಇರಬಹುದು. ಹೀಗೆ ತಿದ್ದುಪಡಿಯಾಯಿತು. ನಮ್ಮ ಬೀದಿಗೆ ನಾವು ಬಯಸಿದ್ದ ಹಳದಿ ಬಣ್ಣ ಪೂರ್ತಿಯಾಗಿ ಬಂತು. ಕೊಟ್ಟಿಗೆಯೂ ಉಳಿಯಿತು, ಎಲೆಯೂ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಂತೋಷದಿಂದ ಹೇಳುತ್ತಿದ್ದೆ.

ಆಷಾಢ ಹುಟ್ಟಿತು. ಬೀದಿಯಲ್ಲಿ ಯಾರೂ ಸುಬ್ಬಮ್ಮನವರನ್ನು ಬಯ್ಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ, ಎದುರು ಸಿಕ್ಕಾಗ ಮುಖ ತಿರುಗಿಸಲಿಲ್ಲ. ನಾವು ಅಂಥವರಲ್ಲ. ಆದರೆ ಒಂದು ಮನೆಯ ತಿಥಿಗೆ ಬಾಳೆಯೆಲೆ ಬಂತು. ಇನ್ನೊಂದು ಮನೆಗೂ ಬಾಳೆಯೆಲೆಯೇ ಬಂತು. "ಈ ಸಲ ಬಾಳೆ ಚೆನ್ನಾಗಿ ಸಿಕ್ತು, ಅದಕ್ಕೇ," ಎಂದು ಕೇಳದಿದ್ದರೂ ಹೇಳಿದರು. ಕೋಲಾರದ ಆಷಾಢದ ಗಾಳಿಗೆ ಹರಿಯದ ಬಾಳೆಯೆಲೆ ಎಲ್ಲಿಯದು? ಎಲ್ಲಿಂದಲೋ ತರಿಸುತ್ತಿದ್ದರು.

ಒಂದು ಸಂಜೆ ಮಂಟಪದಲ್ಲಿ ನಾನೇ ಮಾತೆತ್ತಿದೆ. ನೀರಿನ ಆವಿಗೆ ದೋಷವಿಲ್ಲ, ಎಲೆ ತೊಳೆದರೆ ಶುದ್ಧ, ಮೇಲಾಗಿ ದೇವರ ಪೂಜೆಗೆ ನಾವು ಉಡುವ ರೇಷ್ಮೆಯ ಮಡಿಯೂ ಅದೇ ಬಾನಿಯಿಂದ ಎದ್ದು ಬಂದದ್ದಲ್ಲವೇ ಎಂದೆ. ಗುರುಗಳ ಬಳಿ ಓದಿದ್ದನ್ನೆಲ್ಲ ನೆನೆದು ನಿಧಾನವಾಗಿ, ಕ್ರಮವಾಗಿ ಹೇಳಿದೆ. ಎಲ್ಲರೂ ಗೌರವದಿಂದ ಕೇಳಿದರು.

"ನೀವು ಹೇಳೋದು ನೂರಕ್ಕೆ ನೂರು ಸರಿ ಶಾಸ್ತ್ರಿಗಳೇ," ಎಂದರು ರಾಯರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. "ಶಾಸ್ತ್ರ ಒಪ್ಪುತ್ತೆ. ಮನಸ್ಸು ಒಪ್ಪಬೇಕಲ್ಲ? ಹುಳ ಬೆಂದ ಹಬೆ. ತಂದೆತಾಯಿಗೆ ಹೇಗೆ ಬಡಿಸೋದು ಹೇಳಿ?"

ಪ್ಯಾರೇಜಾನರನ್ನು ಹೊರಗಿಡಲು ನಾನು ಬರೆದ ಒಂದು ವಾಕ್ಯವನ್ನು ಅದೇ ಮಂಟಪದಲ್ಲಿ ಮರುಮಾತಿಲ್ಲದೆ ಒಪ್ಪಿದ್ದರು. ಈಗ ಅಷ್ಟು ಹೊತ್ತು ಮಾತಾಡಿದರೂ ಒಂದು ಎಲೆಯನ್ನು ಒಳಗೆ ತರಲು ನನ್ನಿಂದಾಗಲಿಲ್ಲ. ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟುವಾಗ, ನನ್ನ ವಿದ್ಯೆ ಬೀದಿಗೆ ಯಾವ ಕೆಲಸಕ್ಕೆ ಬೇಕಾಗಿತ್ತು, ಯಾವ ಕೆಲಸಕ್ಕೆ ಬೇಡವಾಗಿತ್ತು ಎಂಬುದು ಮೊದಲ ಬಾರಿಗೆ ಹೊಳೆಯಿತು.

ನನ್ನ ತಂದೆಯವರ ತಿಥಿ ಆಷಾಢ ಬಹುಳದಲ್ಲಿ. ಹಿಂದಿನ ದಿನ ಶಾಲೆಯಿಂದ ಬಂದು, ಎಲೆಗೆ ಹೇಳಿ ಬರುತ್ತೇನೆಂದು ಹೊರಟವನನ್ನು ನನ್ನ ಹೆಂಡತಿ ಶಾರದೆ ತಡೆದಳು.

"ಬಾಳೆ ಎಲೆಗೆ ಹೇಳಿದ್ದೀನಿ," ಎಂದಳು. "ಅಡಿಗೆ ಪುಟ್ಟಣ್ಣ ಬೆಳಿಗ್ಗೆ ತರ್ತಾನೆ."

"ಯಾಕೆ? ನಾನು ಮಂಟಪದಲ್ಲಿ ಹೇಳಿದ್ದು ನಿನಗೆ ಗೊತ್ತಿಲ್ಲವೇ?"

"ಗೊತ್ತು. ಆ ಎಲೆ ಹಾಕಿದ್ರೆ ಬ್ರಾಹ್ಮಣಾರ್ಥದ ಊಟಕ್ಕೆ ಕೂರಲ್ಲ ಅಂತ ಭಟ್ಟರು ಹೇಳಿ ಕಳಿಸಿದ್ದಾರೆ. ಮಾವನವರನ್ನ ಉಪವಾಸ ಕಳಿಸ್ತೀರಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನನಗೂ ಹಿತ ಅನಿಸ್ತಿಲ್ಲ ಅಂದ್ರೆ ನಂಬ್ತೀರಾ?" ಎಂದಳು. ಎಲೆಯ ಬಗ್ಗೆ ಹೇಳಿದಳೋ ಎಲೆ ಬೇಡವೆಂದದ್ದರ ಬಗ್ಗೆ ಹೇಳಿದಳೋ ನಾನು ಕೇಳಲಿಲ್ಲ. ಎಲೆಗೆ ಹೇಳಲು ಹೋಗಲೂ ಇಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬಾಗಿಲಲ್ಲಿ ನಿಂತಿದ್ದೆ. ಗಾಳಿ ಬೀಸುತ್ತಿತ್ತು. ಪುಟ್ಟಣ್ಣ ಬಾಳೆಯೆಲೆಯ ಸುರುಳಿಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯ ಆ ತುದಿಯಿಂದ ಬರುತ್ತಿದ್ದ. ನಡುವೆ ಸುಬ್ಬಮ್ಮನವರ ಚಾಪೆ. ಈ ಬೀದಿಯವರು ಯಾರೂ ಕೇಳದ ಎಲೆಯನ್ನು ಅವರು ಅಂದೂ ಒಣಹಾಕಿ ಕುಳಿತಿದ್ದರು. ಅವನನ್ನು ಕಂಡವರೇ ಎದ್ದರು. ತಿಥಿಯ ಮನೆಗೆ ಹೋಗುವ ಮಡಿಯ ಎಲೆ. ದಾರಿಯಲ್ಲಿ ಏನೂ ತಗುಲಬಾರದು. ಬಗ್ಗಿ ಚಾಪೆಯ ಅಂಚು ಹಿಡಿದು, ಎಲೆ ಚೆಲ್ಲದಂತೆ ಗೋಡೆಯ ಕಡೆಗೆ ಎಳೆದುಕೊಂಡು, ತಾವೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

ಪುಟ್ಟಣ್ಣ ದಾಟುವಾಗ ಗಾಳಿ ಒಮ್ಮೆ ಜೋರಾಯಿತು. ಸುರುಳಿಯ ತುದಿ ಪಟಪಟನೆ ಬಡಿಯಿತು.

"ನಿಧಾನ ಕಣೋ ಪುಟ್ಟಣ್ಣ," ಎಂದರು ಸುಬ್ಬಮ್ಮನವರು. "ಗಾಳಿಗೆ ಬೆನ್ನು ಕೊಟ್ಟು ನಡಿ. ತುದಿ ಹರಿದೀತು. ಪಾಪ, ಹಿರೀರಿಗೆ ತುದಿ ಎಲೆ ಬೇಕು."

ಆ ಮಾತಿನಲ್ಲಿ ಕಹಿಯಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದು ಎಲೆ ಬಲ್ಲವರು ಎಲೆಯ ಬಗ್ಗೆ ಆಡಿದ ಮಾತು, ಅಷ್ಟೇ. ಅವರು ತಲೆಯೆತ್ತಿದಾಗ ಬಾಗಿಲಲ್ಲಿದ್ದ ನಾನು ಕಂಡೆ. "ಹೊತ್ತಾಯ್ತು ಒಳಗೆ ಹೋಗು ನಾಯನಾ, ಒದ್ದೇಲಿ ನಿಲ್ಬೇಡ," ಎಂದು ಅಲ್ಲಿಂದಲೇ ಹೇಳಿದರು. ಇಳಿದು ಹೋಗಿ ಆ ಚಾಪೆಯಿಂದ ಒಂದು ಎಲೆ ಎತ್ತಿಕೊಳ್ಳಲು ಮೆಟ್ಟಿಲುಗಳು ಮಾತ್ರ ಅಡ್ಡವಿದ್ದವು. ನಾನು ಒಳಗೆ ಹೋದೆ. ಭಟ್ಟರು ತೃಪ್ತಿಯಾಗಿ ಉಂಡು, ತೃಪ್ತರಾದೆವೆಂದು ಹೇಳಿದರು. ಪಿತೃಗಳು ಏನು ಹೇಳಿದರೋ ನನಗೆ ತಿಳಿಯದು.

ಸುಬ್ಬಮ್ಮನವರು ಉಪವಾಸ ಬೀಳಲಿಲ್ಲ. ಪ್ಯಾರೇಜಾನ್ ಸಾಹೇಬರು ಗೂಡು ತರಲು ಹೋಗುವ ಊರುಗಳಲ್ಲೆಲ್ಲ ಅವರ ಎಲೆಯ ಮಾತು ಹೇಳಿದರು. ಸುಗಟೂರಿನ ರೈತರ ಮನೆಯ ಮದುವೆಗಳಿಗೆ, ಅಲ್ಲಿಂದ ತಾಯಲೂರಿನ ಕಡೆಗೆ, ಬಸ್ಸಿನ ಮೇಲೆ ಎಲೆಯ ಕಟ್ಟು ಹೋಗಲು ಶುರುವಾಯಿತು. ಗೂಡು ಬಂದ ಗೋಣಿಯಲ್ಲಿಯೇ ಎಲೆ ಹೋಗುತ್ತಿತ್ತು. ನಮ್ಮ ಬೀದಿಗೆ ಮಾತ್ರ ಹೋಗಲಿಲ್ಲ. ನಾವೂ ಕೇಳಲಿಲ್ಲ, ಅವರೂ ಕಳಿಸಲಿಲ್ಲ. ಹಬ್ಬಕ್ಕೆ ಹುಳಿಯವಲಕ್ಕಿ ಮಾಡಿದರೆ ಮಾತ್ರ ಮೊದಲಿನಂತೆ ನಮ್ಮ ಮನೆಗೆ ಒಂದು ಡಬರಿ ಬರುತ್ತಿತ್ತು. ನಾವು ಉಣ್ಣುತ್ತಿದ್ದೆವು. ಅವರ ಕೈಯ ಅಡಿಗೆ ನಮಗೆ ಆಗುತ್ತಿತ್ತು. ಅವರ ಕೈಯ ಎಲೆ ಆಗುತ್ತಿರಲಿಲ್ಲ. ಇದನ್ನು ಯಾವ ಶಾಸ್ತ್ರದಿಂದ ಸಮರ್ಥಿಸಲಿ? ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದೂರದಲ್ಲಿದ್ದೆ.

ಹೋದ ಆಷಾಢದಲ್ಲಿ ಆ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ಆ ಮನೆಯ ಮುಂದಕ್ಕೆ. ಈಗ ಅಲ್ಲಿ ಒಬ್ಬ ಹೆಣ್ಣುಮಗಳು ರವಿಕೆ ಹೊಲಿಯುತ್ತಾಳೆ. ಎದುರು ಮನೆಯಲ್ಲಿ ಮಕ್ಕಳಿಗೆ ಪಾಠ, ಪಕ್ಕದಲ್ಲಿ ಚಕ್ಕುಲಿ ಕೋಡುಬಳೆ. ರಾಯರ ಮನೆಯಲ್ಲಿಯೇ ಅವರ ಮೊಮ್ಮಗಳು ಹಪ್ಪಳ ಮಾಡಿ ಮಾರುತ್ತಾಳೆ. ಬೀದಿಗೆ ಬೀದಿಯೇ ಸ್ವಂತ ಮನೆಯ ಸಣ್ಣ ಕಸುಬಿನಲ್ಲಿ ಬದುಕುತ್ತಿದೆ. ಅವಕಾಶ ಹೇಗೆ ಬಂತೆಂದು ಯಾರಿಗೂ ತಿಳಿದಂತಿಲ್ಲ. ನಾನು ಬಂದ ಕಾರಣ ಹೇಳಿದಾಗ ಆ ಹೆಣ್ಣುಮಗಳು ಮಿಷನ್ ನಿಲ್ಲಿಸಿ ಹಿಂದಿನ ಕೋಣೆ ತೋರಿಸಿದಳು.

"ಅದನ್ನ ಮುಚ್ಚಿಸ್ಬೇಕು ತಾತಾ," ಎಂದಳು ಗವಾಕ್ಷಿಯನ್ನು ತೋರಿಸಿ. "ಬಟ್ಟೆಗೆಲ್ಲ ವಾಸನೆ ಹಿಡಿಯುತ್ತೆ. ಪ್ಯಾರೇಜಾನ್ ಸಾಬ್ರ ಮಗನ್ನ ಕೇಳಿದ್ರೆ, ಅದು ಅಮ್ಮನ ಗವಾಕ್ಷಿ, ನಾನು ಮುಚ್ಚಲ್ಲ, ಬೇಕಾದ್ರೆ ನೀವೇ ಮುಚ್ಕೊಳ್ಳಿ ಅಂತಾರೆ. ಯಾವ ಅಮ್ಮನೋ ಏನೋ."

ಯಾವ ಅಮ್ಮನೆಂದು ಹೇಳಿದೆ. ಅವಳು ಪೂರ್ತಿ ಕೇಳಿ, ಗವಾಕ್ಷಿಯ ಕಡೆ ನೋಡಿ, "ಹಾಗಾದ್ರೆ ಇರ್ಲಿ ಬಿಡಿ," ಎಂದಳು. ಹಬೆ ಮೆಲ್ಲಗೆ ಇಳಿದು ಬರುತ್ತಿತ್ತು. ಕೆಳಗೆ ಹಗ್ಗವಿರಲಿಲ್ಲ. ನಾನು ಅದರಡಿಯಲ್ಲಿ ನಿಂತೆ. ಒಣಗಿದ ನನ್ನ ಕೈಗಳ ಮೇಲೆ ಅದು ತೇವವಾಗಿ ಕೂತಿತು.

ಆ ವರ್ಷದಲ್ಲಿ ಪಾಲುಗೊಂಡ ಎಲ್ಲರಿಗೂ ಒಳಿತಾಗಲಿ. ನಿಯಮವನ್ನು ಮನುಷ್ಯರ ಅಳತೆಗೆ ತಿದ್ದಿದ ಆ ಅಧಿಕಾರಿ ಎಲ್ಲಿದ್ದರೂ ಸುಖವಾಗಿರಲಿ. ಪ್ಯಾರೇಜಾನ್ ಸಾಹೇಬರ ಮನೆಯ ಒಲೆ ಆರದಿರಲಿ, ಚರಕ ತಿರುಗಿಸುವ ಕೈಗಳಿಗೆ ನೋವು ಬಾರದಿರಲಿ. ರಾಯರಿಗೆ ಸದ್ಗತಿ ಇರಲಿ, ಅವರು ಕೆಟ್ಟವರಾಗಿರಲಿಲ್ಲ. ಭಟ್ಟರಿಗೂ, ಪುಟ್ಟಣ್ಣನಿಗೂ, ನನ್ನ ಶಾರದೆಗೂ ಶಾಂತಿಯಿರಲಿ. ಆ ಗವಾಕ್ಷಿಯನ್ನು ಇರಲಿ ಬಿಡಿ ಎಂದ ಮಗಳ ಹೊಲಿಗೆ ನೂರ್ಕಾಲ ಬಾಳಲಿ. ಸುಬ್ಬಮ್ಮನವರನ್ನು ಹರಸುವ ಯೋಗ್ಯತೆ ನನಗಿಲ್ಲ. ನನ್ನ ಕಾಲ ಮುಗಿದು, ಮಕ್ಕಳು ನನ್ನ ಹೆಸರಿನಲ್ಲಿ ಎಲೆ ಹಾಕುವ ದಿನ ಬಂದಾಗ, ಅದು ಮುತ್ತುಗದ ಎಲೆಯಾಗಿರಲಿ, ಆ ಗವಾಕ್ಷಿಯ ಕೆಳಗೆ ಒಂದು ರಾತ್ರಿ ತೂಗಿ ಬಂದದ್ದಾಗಿರಲಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ. ಅಲ್ಲಿಯವರೆಗೆ ಎಲೆ ಹಚ್ಚಿದ ಆ ತಾಯಿಯ ಆಶೀರ್ವಾದ ನಮ್ಮ ಬೀದಿಯ ಮೇಲಿರಲಿ.